ಕೆಂಪೆದೆಯ ನೊಣಹಿಡುಕವನ್ನು ಗುರುತಿಸುವ ಬಗೆ

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋದವರಿಗೆ ಜಲಪಾತವೊಂದನ್ನುಳಿದು ಬೇರೇನೂ ಕಾಣದು, ಬೇರೇನೂ ಕೇಳದು. ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ಘಟಪ್ರಭಾ ನದಿಯು ಇಲ್ಲಿ ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುತ್ತದೆ. ಇದೇ ನೀರಿನ ಬಲದಿಂದ 1887ರಷ್ಟು ಹಿಂದೆಯೇ ಇಲ್ಲಿಯ ಹತ್ತಿಯ ಗಿರಣಿಯ ಯಂತ್ರಗಳು ತಿರುಗಿದುವು. ದಸರೆಯ ವೇಳೆಗೆ ಮಳೆ ಹಿಂದೆಗೆಯುತ್ತದೆ, ಕೆನ್ನೀರು ತಿಳಿಯಾಗುತ್ತದೆ, ನದಿ ಸೊರಗಿ ಬಂಡೆಗಳ ನಡುವೆ ಎಳೆಎಳೆಯಾಗಿ ಇಳಿಯುತ್ತದೆ. ನೋಟಕರ ಸಂದಣಿಯೂ ಕರಗುತ್ತದೆ. ಆ ಹೊತ್ತಿಗೆ ಈ ಸೀಮೆಯ ತೋಪುಗಳಿಗೆ ಬೇರೊಂದು ಬಗೆಯ ಪ್ರವಾಸಿ ಬಂದು ಸೇರಿರುತ್ತದೆ. ಅದರ ತೂಕ ಸುಮಾರು 10 ಗ್ರಾಂ. ಗೋಕಾಕದ ಕರದಂಟಿನ ಒಂದು ತುಂಡು ಅದಕ್ಕಿಂತ ಭಾರ. ಅದು ಬಂದುದಾದರೋ ಪೂರ್ವ ಯುರೋಪು ಮತ್ತು ರಷ್ಯಾದೇಶದ ಕಾಡುಗಳಿಂದ.

ಈ ಪುಟ್ಟ ಹಕ್ಕಿಗೆ ಕೆಂಪೆದೆಯ ನೊಣಹಿಡುಕವೆಂದು ಹೆಸರು. ಬೆಳಗಾವಿ ಜಿಲ್ಲೆಯನ್ನು ಒಳಗೊಂಡ ದಕ್ಷಿಣ ಭಾರತದ ಬಹುಭಾಗದಲ್ಲಿ ಇದು ಚಳಿಗಾಲವನ್ನು ಕಳೆಯುತ್ತದೆ. ಅಪರೂಪದ ಹಕ್ಕಿಯೇನೂ ಅಲ್ಲ. ಆದರೂ ಇದನ್ನು ಕಂಡೆನೆಂದು ಹೇಳುವ ವಿದ್ಯಾರ್ಥಿಗಳು ಬಹು ವಿರಳ. ಇದಕ್ಕೆ ಕಾರಣವು ಹಕ್ಕಿಯ ಹೆಸರಿನಲ್ಲಿಯೇ ಅಡಗಿದೆ. ಪುಸ್ತಕದ ಚಿತ್ರದಲ್ಲಿ ಕಿತ್ತಳೆಗೆಂಪು ಕೊರಳನ್ನು ನೋಡಿದ ಹುಡುಗನು ತೋಪಿಗೆ ಹೋಗಿ ಕೆಂಪನ್ನೇ ಅರಸುತ್ತಾನೆ. ತಲೆಯ ಮೇಲಿನ ಕೊಂಬೆಯಲ್ಲಿ ಮಾಸಲು ಕಂದು ಬಣ್ಣದ ಹಕ್ಕಿಯೊಂದು ಕುಳಿತಿರುತ್ತದೆ. ಅದನ್ನು ಕಡೆಗಣಿಸಿ ಮುಂದೆ ಸಾಗುತ್ತಾನೆ. ಸಂಜೆ ಮನೆಗೆ ಬಂದು, "ನಮ್ಮೂರಿನಲ್ಲಿ ಆ ಹಕ್ಕಿ ಇಲ್ಲ" ಎಂದು ನಿರ್ಧರಿಸುತ್ತಾನೆ. ಅವನು ಕಡೆಗಣಿಸಿದ ಹಕ್ಕಿಯೇ ಅವನು ಅರಸಿದ ಹಕ್ಕಿಯಾಗಿರಬಹುದು! ಹೆಸರನ್ನು ನಂಬದೆ ಲಕ್ಷಣಗಳನ್ನು ನೋಡಬೇಕೆಂಬ ವಿಜ್ಞಾನದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯರು ದೊರೆಯುವುದು ಕಷ್ಟ.

ನೊಣಹಿಡುಕಗಳ ಬಳಗ

ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿದು ತಿನ್ನುವ ಅನೇಕ ಸಣ್ಣ ಹಕ್ಕಿಗಳಿಗೆ ನೊಣಹಿಡುಕ ಎಂಬ ಹೆಸರು ಸಲ್ಲುತ್ತದೆ. ಇವುಗಳ ಕುಟುಂಬಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಮಸ್ಕಿಕಾಪಿಡೇ ಎಂಬ ಹೆಸರಿನ ಅರ್ಥವೂ ಅದೇ. ಲ್ಯಾಟಿನ್ ಭಾಷೆಯಲ್ಲಿ 'ಮಸ್ಕ' ಎಂದರೆ ನೊಣ, 'ಕಾಪೆರೆ' ಎಂದರೆ ಹಿಡಿಯುವುದು. ನಮ್ಮ ಹಿತ್ತಿಲುಗಳಲ್ಲಿ ಇಂಪಾಗಿ ಹಾಡುವ ಮಡಿವಾಳ ಹಕ್ಕಿಯೂ ಇದೇ ಕುಟುಂಬದ್ದು. ಉದ್ದನೆಯ ಬಿಳಿಯ ಬಾಲವನ್ನು ಪಟ್ಟೆಯ ಅಂಚಿನಂತೆ ತೇಲಿಬಿಡುವ ರಾಜಹಕ್ಕಿಯಾದರೋ ನೊಣ ಹಿಡಿಯುವುದರಲ್ಲಿ ನಿಪುಣವಾಗಿದ್ದರೂ ಬೇರೊಂದು ಕುಟುಂಬಕ್ಕೆ ಸೇರಿದೆ. ಒಂದೇ ಕಸುಬಿನವರೆಲ್ಲ ಒಂದೇ ಮನೆತನದವರಾಗಿರಬೇಕೆಂದಿಲ್ಲ.

ನೊಣಹಿಡುಕದ ಕೊಕ್ಕು ಬುಡದಲ್ಲಿ ಅಗಲವಾಗಿಯೂ ಚಪ್ಪಟೆಯಾಗಿಯೂ ಇರುತ್ತದೆ. ಬಾಯಿಯ ಎರಡು ಮಗ್ಗುಲಲ್ಲಿ ಮೀಸೆಯಂತಹ ಬಿರುಗೂದಲುಗಳುಂಟು. ಕೀಟಗಳನ್ನು ಬಾಯಿಯೊಳಕ್ಕೆ ಕೂಡಿಸುವ ಬಲೆಯಂತೆ ಇವು ಕೆಲಸ ಮಾಡುತ್ತವೆಂದು ಬಹುಕಾಲ ನಂಬಿದ್ದರು. ಆದರೆ ಅಮೆರಿಕದ ಒಂದು ಬಗೆಯ ನೊಣಹಿಡುಕದ ಮೇಲೆ ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಕೂದಲುಗಳಿಲ್ಲದೆಯೂ ಹಕ್ಕಿಯು ಮೊದಲಿನಷ್ಟೇ ಚೆನ್ನಾಗಿ ಕೀಟಗಳನ್ನು ಹಿಡಿಯಿತು. ಆದರೆ ಹಾರುವಾಗ ಕಣ್ಣಿಗೆ ಕಸ ತಾಗುವುದು ಹೆಚ್ಚಾಯಿತು. ಹೀಗೆ, ಬಲೆಯೆಂದು ಭಾವಿಸಿದುದು ಕಣ್ಣಿಗೆ ಕಾವಲು ಎಂದು ತೋರಿಬಂತು.

ಕೆಂಪು ಏಕೆ ಕಾಣಿಸದು?

ಕೆಂಪೆದೆಯ ನೊಣಹಿಡುಕವು ಗುಬ್ಬಚ್ಚಿಗಿಂತ ಚಿಕ್ಕದು; ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅದರ ಉದ್ದ 11ರಿಂದ 12 ಸೆಂಟಿಮೀಟರು. ವಯಸ್ಸು ತುಂಬಿದ ಗಂಡಿಗೆ ಮಾತ್ರ ಗಂಟಲಿನಿಂದ ಎದೆಯವರೆಗೆ ಕಿತ್ತಳೆಗೆಂಪು ಬಣ್ಣವಿದ್ದು ತಲೆಯ ಮಗ್ಗುಲುಗಳು ಬೂದು ಬಣ್ಣವಾಗಿರುತ್ತವೆ. ಹೆಣ್ಣಿಗೆ ಕೆಂಪಿಲ್ಲ. ಅದರ ಮೈಯ ಮೇಲ್ಭಾಗವೆಲ್ಲ ಕಂದು. ಕೆಳಭಾಗ ಹಾಲಿಗೆ ತುಸು ಚಹಾ ಬೆರೆಸಿದಂತಹ ಮಾಸಲು ಬಿಳಿ. ಕಣ್ಣಿನ ಸುತ್ತ ತೆಳುವಾದ ಬಿಳಿಯ ಬಳೆಯುಂಟು. ಆ ವರುಷವೇ ಹುಟ್ಟಿದ ಮರಿಗಳು, ಗಂಡಾಗಲಿ ಹೆಣ್ಣಾಗಲಿ, ತಾಯಿಯ ಬಣ್ಣದಲ್ಲಿಯೇ ನಮ್ಮ ದೇಶಕ್ಕೆ ಬರುತ್ತವೆ. ಅಷ್ಟೇ ಅಲ್ಲ, ಎಳೆಯ ಗಂಡುಗಳು ಮರುವರುಷ ತಾಯ್ನಾಡಿಗೆ ಮರಳಿ ಗೂಡು ಕಟ್ಟುವಾಗಲೂ ಸಾಮಾನ್ಯವಾಗಿ ಕೆಂಪಿಲ್ಲದೆಯೇ ಇರುತ್ತವೆ.

ಹೆಣ್ಣುಗಳೆಲ್ಲ ಕಂದು, ಗಂಡುಗಳಲ್ಲಿ ಎಳೆಯವೂ ಕಂದು. ಹೀಗಾಗಿ ತೋಪಿನಲ್ಲಿ ಕಾಣುವ ಹಕ್ಕಿಗಳಲ್ಲಿ ಕೆಂಪೆದೆಯವು ಕೆಲವೇ ಎಂಬುದು ಸಹಜ. ಕೆಂಪು ಕಂಡರೆ ಸಂತೋಷ. ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಬಾಲವೂ ಧ್ವನಿಯೂ

ಹಾಗಾದರೆ ಯಾವುದನ್ನು ನಂಬಬೇಕು? ಮೊದಲನೆಯದು ಬಾಲ. ಈ ಹಕ್ಕಿಯ ಬಾಲ ಕಪ್ಪುಗಂದು. ಅದರ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಅಚ್ಚ ಬಿಳಿಯ ಮಚ್ಚೆಗಳಿವೆ. ಗಂಡಿಗೂ ಹೆಣ್ಣಿಗೂ ಮರಿಗೂ ಇವು ಸಮಾನ. ಹಕ್ಕಿ ಸುಮ್ಮನೆ ಕುಳಿತಾಗ ಮಚ್ಚೆಗಳು ಮರೆಯಾಗಿರಬಹುದು. ಹಾರಿದೊಡನೆ ಅವು ಥಟ್ಟನೆ ಹೊಳೆಯುತ್ತವೆ. ಅದಕ್ಕಿಂತಲೂ ಸ್ವಾರಸ್ಯವಾದುದು ಅದರ ನಡತೆ. ಕೊಂಬೆಯ ಮೇಲೆ ಬಂದು ಕೂರುತ್ತಲೇ ಅದು ರೆಕ್ಕೆಗಳನ್ನು ತುಸು ಇಳಿಬಿಟ್ಟು ಬಾಲವನ್ನು ಬೆನ್ನಿಗಿಂತ ಮೇಲಕ್ಕೆ ಚಿಮ್ಮಿ ಎತ್ತುತ್ತದೆ, ಬಳಿಕ ಮೆಲ್ಲಗೆ ಇಳಿಸುತ್ತದೆ, ಮತ್ತೆ ಎತ್ತುತ್ತದೆ.

ಎರಡನೆಯದು ಧ್ವನಿ. ಚಳಿಗಾಲದಲ್ಲಿ ನಾವು ಇದರ ಹಾಡನ್ನು ಕೇಳುವುದು ವಿರಳ. ಸಾಮಾನ್ಯವಾಗಿ ಕೇಳಿಬರುವುದು "ಟ್ರ್‌ರ್‌ರ್" ಎಂಬ ಒಣ ಸದ್ದು. ಗಡಿಯಾರಕ್ಕೆ ಕೀಲಿ ಕೊಡುವಾಗ ಹೊರಡುವ ಕಿರುಸದ್ದಿಗೆ ಇದನ್ನು ಹೋಲಿಸಬಹುದು. ನಡುನಡುವೆ "ಟೆಕ್, ಟೆಕ್" ಎಂದು ಬಿಡಿಬಿಡಿಯಾಗಿಯೂ ನುಡಿಯುತ್ತದೆ. ಈ ಸದ್ದನ್ನು ಒಮ್ಮೆ ಕಿವಿಯಲ್ಲಿ ತುಂಬಿಕೊಂಡವರು ಹಕ್ಕಿಯನ್ನು ಕಾಣುವ ಮುನ್ನವೇ ಅದು ಯಾವ ಮರದಲ್ಲಿದೆಯೆಂದು ಹೇಳಬಲ್ಲರು.

ಮೂರನೆಯದು ಬೇಟೆಯ ಕ್ರಮ. ಇದು ಒಂದೇ ಕೊಂಬೆಗೆ ಅಂಟಿ ಕೂರುವುದಿಲ್ಲ. ಎಲೆಗಳ ಮರೆಯಲ್ಲಿ ಸುಳಿದಾಡುತ್ತ, ಒಮ್ಮೆ ಗಾಳಿಗೆ ಹಾರಿ ನೊಣವನ್ನು ಹಿಡಿದು, ಒಮ್ಮೆ ಎಲೆಯ ಮೇಲಿನ ಹುಳುವನ್ನು ಕೊಕ್ಕಿ, ಮತ್ತೊಮ್ಮೆ ನೆಲಕ್ಕಿಳಿದು ಏನನ್ನೋ ಹೆಕ್ಕಿಕೊಂಡು ಬೇರೆ ಕೊಂಬೆಗೆ ಹೋಗುತ್ತದೆ.

ಹೋಲಿಕೆಯ ಹಕ್ಕಿಗಳು

ಹಕ್ಕಿಯನ್ನು ಗುರುತಿಸುವುದೆಂದರೆ ಅದು ಬೇರಾವುದೂ ಅಲ್ಲವೆಂದು ತೋರಿಸುವುದೂ ಹೌದು. ಈ ಸೀಮೆಯಲ್ಲಿ ಹೊಸಬರನ್ನು ತಪ್ಪುದಾರಿಗೆ ಎಳೆಯಬಹುದಾದವುಗಳನ್ನು ಒಂದೊಂದಾಗಿ ನೋಡೋಣ.

ಕಂದು ನೊಣಹಿಡುಕವು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಬಹಳ ಹತ್ತಿರದ್ದು. ಅದರ ಕಣ್ಣು ದೊಡ್ಡದು. ಸುತ್ತಲ ಬಿಳಿಯ ಬಳೆ ಎದ್ದುಕಾಣುತ್ತದೆ. ಆದರೆ ಬಾಲದಲ್ಲಿ ಬಿಳಿಯಿಲ್ಲ, ಬಾಲವನ್ನು ಬೆನ್ನಿನ ಮೇಲಕ್ಕೆ ಎತ್ತುವುದೂ ಇಲ್ಲ. ಅದು ನೆಟ್ಟಗೆ ಕುಳಿತು, ಹಾರಿ ನೊಣ ಹಿಡಿದು, ಅನೇಕ ವೇಳೆ ಅದೇ ಕೊಂಬೆಗೆ ಮರಳುತ್ತದೆ.

ಟಿಕೆಲ್ಲನ ನೀಲಿ ನೊಣಹಿಡುಕವು ಊರಿನದೇ ಹಕ್ಕಿ. ಅದಕ್ಕೂ ಕಿತ್ತಳೆ ಬಣ್ಣದ ಕೊರಳು ಮತ್ತು ಎದೆ ಇರುವುದರಿಂದ ಅನೇಕರು ಮೋಸಹೋಗುತ್ತಾರೆ. ಬೆನ್ನನ್ನು ನೋಡಿದರೆ ಸಂದೇಹ ತೀರುವುದು. ಅದರ ಬೆನ್ನು ನೀಲಿ, ನಮ್ಮ ಅತಿಥಿಯದು ಕಂದು. ಚಳಿಗಾಲದಲ್ಲಿ ಬರುವ ವರ್ಡಿಟರ್ ನೊಣಹಿಡುಕವಾದರೋ ಮೈಯೆಲ್ಲ ನೀಲಿಹಸುರು. ಮರದ ತುದಿಯಲ್ಲಿ ಬಯಲಾಗಿ ಕೂರುವುದರಿಂದ ತಪ್ಪಿಗೆ ಎಡೆಯಿಲ್ಲ.

ಜಲಪಾತದ ಸುತ್ತಲಿನ ಬಂಡೆಗಳ ಮೇಲೆಯೂ ಹಳೆಯ ಗುಡಿಗಳ ಕಲ್ಲುಗಳ ಮೇಲೆಯೂ ಬಾಲವನ್ನು ನಡುಗಿಸುತ್ತ ಕೂರುವ ಇನ್ನೊಂದು ವಲಸೆಯ ಹಕ್ಕಿ ಬ್ಲ್ಯಾಕ್ ರೆಡ್‌ಸ್ಟಾರ್ಟ್. ಅದರ ಬಾಲ ತುಕ್ಕಿನ ಕೆಂಪು. ಅದೇ ಕಲ್ಲುಗಳ ನಡುವೆ ನೆಲದ ಮೇಲೆ ಓಡಾಡುತ್ತ ಬಾಲವನ್ನು ನೆಟ್ಟಗೆ ನಿಲ್ಲಿಸುವ ಇಂಡಿಯನ್ ರಾಬಿನ್‌ಗೆ ಬಾಲದ ಬುಡದ ಕೆಳಗೆ ಇಟ್ಟಿಗೆ ಬಣ್ಣವಿದೆ, ಬಾಲದಲ್ಲಿ ಬಿಳಿಯಿಲ್ಲ. ಬಾಲ ಎತ್ತಿತೆಂಬ ಒಂದೇ ಲಕ್ಷಣವನ್ನು ಹಿಡಿದು ಹೆಸರಿಡಬಾರದೆಂಬುದು ಇದರಿಂದ ತಿಳಿಯುವುದು. ಬಾಲ ಎತ್ತುವುದು, ಬುಡದಲ್ಲಿ ಬಿಳಿ, ಒಣ ಧ್ವನಿ, ಮರದ ನೆರಳು - ಇವು ನಾಲ್ಕೂ ಕೂಡಿದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ.

ಒಂದು ಹೆಸರಿನಲ್ಲಿ ಎರಡು ಹಕ್ಕಿಗಳು

ಇಷ್ಟಾದರೂ ಒಂದು ಕಷ್ಟ ಉಳಿದಿದೆ. ಮೇಲೆ ಹೇಳಿದ ನಾಲ್ಕು ಲಕ್ಷಣಗಳೂ ಇರುವ ಹಕ್ಕಿಗಳು ಒಂದಲ್ಲ, ಎರಡು!

ಕೆಂಪೆದೆಯ ನೊಣಹಿಡುಕಕ್ಕೆ ಜರ್ಮನಿಯ ಬೆಕ್‌ಸ್ಟೈನ್ 1792ರಲ್ಲಿ 'ಪಾರ್ವ', ಅಂದರೆ 'ಚಿಕ್ಕದು' ಎಂದು ಹೆಸರಿಟ್ಟನು. ರಷ್ಯಾದೇಶದಲ್ಲಿ ಸಂಶೋಧನೆ ನಡೆಸಿದ ಪಲ್ಲಾಸನು 1811ರಲ್ಲಿ ಸೈಬೀರಿಯದ ಕಡೆಯ ಇಂತಹುದೇ ಹಕ್ಕಿಗೆ 'ಆಲ್ಬಿಸಿಲ್ಲ', ಅಂದರೆ 'ಬಿಳಿ ಬಾಲದ್ದು' ಎಂದು ಬೇರೆಯೇ ಹೆಸರನ್ನು ಕೊಟ್ಟನು. ಮುಂದೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇವೆರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಎಣಿಸಿದರು. ಅದರ ಫಲವಾಗಿ ಭಾರತದಲ್ಲಿ ಹಕ್ಕಿ ನೋಡುವವರು ಎರಡನ್ನೂ ಒಂದೇ ಹೆಸರಿನಿಂದ ಬರೆದಿಟ್ಟರು. ಆದರೆ ಇವೆರಡರ ಹಾಡುಗಳು ಬೇರೆ, ಗರಿ ಬದಲಿಸುವ ಕ್ರಮ ಬೇರೆ, ಅನುವಂಶಿಕ ದ್ರವ್ಯದಲ್ಲಿಯೂ ಭೇದವಿದೆ ಎಂದು ಕ್ರಮೇಣ ಸ್ಪಷ್ಟವಾಯಿತು. 2005ರಲ್ಲಿ ಪ್ರಕಟವಾದ ರಾಸ್ಮುಸ್ಸೆನ್ ಮತ್ತು ಆಂಡರ್ಟನ್ ಅವರ ದಕ್ಷಿಣ ಏಷ್ಯದ ಪಕ್ಷಿಗಳ ಗ್ರಂಥವು ಇವನ್ನು ಎರಡು ಪ್ರಭೇದಗಳಾಗಿಯೇ ವಿವರಿಸಿತು. ಪಲ್ಲಾಸನ ಹಕ್ಕಿಯನ್ನು ಇಂದು ಟೈಗಾ ನೊಣಹಿಡುಕವೆಂದು ಕರೆಯುತ್ತಾರೆ.

ಭಾರತದಲ್ಲಿ ಟೈಗಾ ನೊಣಹಿಡುಕವು ಮುಖ್ಯವಾಗಿ ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಚಳಿಗಾಲ ಕಳೆಯುವುದು. ಪಶ್ಚಿಮದ ಮತ್ತು ದಕ್ಷಿಣದ ಭಾಗಗಳಲ್ಲಿ ಕೆಂಪೆದೆಯದೇ ಸಾಮಾನ್ಯ. ಆದುದರಿಂದ ಗೋಕಾಕದಲ್ಲಿ ಕಾಣುವುದು ಕೆಂಪೆದೆಯದೇ ಇರಬೇಕೆಂದು ಊಹಿಸಬಹುದು. ಆದರೆ ಊಹೆಯು ನೋಟವಲ್ಲ. ಭೇದವನ್ನು ತಿಳಿಯಲು ಮೂರು ಗುರುತುಗಳನ್ನು ನೋಡಬೇಕು.

ಒಂದು, ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಹೊದಿಕೆ ಗರಿಗಳು. ಟೈಗಾದಲ್ಲಿ ಇವು ಕಾಡಿಗೆಯಂತೆ ಕಪ್ಪಾಗಿದ್ದು ಬಾಲಕ್ಕಿಂತಲೂ ಕಪ್ಪಾಗಿ ತೋರುತ್ತವೆ. ಕೆಂಪೆದೆಯದರಲ್ಲಿ ಬಾಲಕ್ಕಿಂತ ಕಪ್ಪಾಗಿರುವುದಿಲ್ಲ. ಎರಡು, ಕೆಳಕೊಕ್ಕು. ಕೆಂಪೆದೆಯದರ ಕೆಳಕೊಕ್ಕಿನ ಬುಡ ತಿಳಿಬಣ್ಣ. ಟೈಗಾದ ಕೊಕ್ಕು ಹೆಚ್ಚು ಕಡಿಮೆ ಪೂರ್ತಿಯಾಗಿ ಕಪ್ಪು. ಮೂರು, ಎದೆಯ ಛಾಯೆ. ಕೆಂಪಿಲ್ಲದ ಹಕ್ಕಿಗಳಲ್ಲಿ ಕೆಂಪೆದೆಯದರ ಎದೆ ಹಳದಿಗಂದಿಗೆ ತಿರುಗಿದರೆ, ಟೈಗಾದ ಎದೆ ಬೂದಿಗೆ ತಿರುಗಿ ಬಿಳಿಯ ಗಂಟಲು ಬೇರೆಯಾಗಿ ಕಾಣುತ್ತದೆ. ವಯಸ್ಕ ಗಂಡುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕೆಂಪೆದೆಯ ಗಂಡು ಚಳಿಗಾಲದಲ್ಲಿಯೂ ತನ್ನ ಕೆಂಪನ್ನು ಉಳಿಸಿಕೊಳ್ಳುವುದು. ಟೈಗಾದ ಗಂಡು ಗೂಡಿನ ಕಾಲ ಮುಗಿದ ಮೇಲೆ ಅದನ್ನು ಕಳೆದುಕೊಂಡು, ಮರಳಿ ಹೊರಡುವ ಮುನ್ನ ಮತ್ತೆ ಧರಿಸುವುದು. ಆಗಲೂ ಅದರ ಕೆಂಪು ಗಂಟಲಿನಲ್ಲಿಯೇ ನಿಂತು, ಕೆಳಗೆ ಬೂದುಬಣ್ಣದ ಪಟ್ಟಿ ಬರುತ್ತದೆ.

ಈಗ ಹಳೆಯ ಟಿಪ್ಪಣಿ ಪುಸ್ತಕಗಳ ಗತಿಯನ್ನು ಯೋಚಿಸಿರಿ. ಐವತ್ತು ವರುಷಗಳ ಹಿಂದೆ ಇಬ್ಬರು ವಿದ್ಯಾರ್ಥಿಗಳು ಒಂದೇ ಹಕ್ಕಿಯನ್ನು ನೋಡಿದರೆಂದಿಟ್ಟುಕೊಳ್ಳೋಣ. ಮೊದಲನೆಯವನು ಹೆಸರನ್ನಷ್ಟೇ ಬರೆದನು. ಎರಡನೆಯವನು "ಕೆಂಪಿಲ್ಲ, ಬಾಲದ ಬುಡದಲ್ಲಿ ಬಿಳಿ, ಕೊಕ್ಕಿನ ಕೆಳಗೆ ತಿಳಿಬಣ್ಣ, ಬಾಲದ ಮೇಲಣ ಗರಿಗಳು ಬಾಲದಷ್ಟೇ ಕಪ್ಪು" ಎಂದು ಕಂಡುದನ್ನು ಬರೆದನು. ಹೆಸರು ಎರಡಾಗಿ ಒಡೆದ ದಿನ ಮೊದಲನೆಯವನ ಬರಹವು ಅನಿಶ್ಚಿತವಾಯಿತು. ಎರಡನೆಯವನದು ಇಂದಿಗೂ ಸಾಕ್ಷ್ಯವಾಗಿ ನಿಂತಿದೆ. ಹೆಸರುಗಳು ಶಾಸ್ತ್ರದ ಬೆಳವಣಿಗೆಯೊಡನೆ ಬದಲಾಗುತ್ತವೆ. ಎಚ್ಚರದಿಂದ ಕಂಡು ಬರೆದ ಲಕ್ಷಣವು ಬದಲಾಗದು.

ಎಲ್ಲಿಂದ, ಹೇಗೆ ಬರುತ್ತದೆ?

ಕೆಂಪೆದೆಯ ನೊಣಹಿಡುಕವು ಗೂಡು ಕಟ್ಟುವ ಪ್ರದೇಶಗಳಲ್ಲಿ ಪೋಲೆಂಡ್ ಮತ್ತು ಬೆಲಾರೂಸ್ ದೇಶಗಳ ಗಡಿಯ ಮೇಲಿರುವ ಬಿಯಾವೊವಿಯೆಜಾ ಎಂಬ ಪುರಾತನ ಕಾಡೂ ಒಂದು. ಅಲ್ಲಿಂದ ಗೋಕಾಕಕ್ಕೆ ಭೂಗೋಳದ ಮೇಲೆ ನೇರವಾಗಿ ಅಳೆದರೆ ಸುಮಾರು 6,000 ಕಿಲೋಮೀಟರು. ಚಳಿಗಾಲದಲ್ಲಿ ಅಲ್ಲಿ ಹಾರುವ ಕೀಟಗಳು ಇಲ್ಲವಾಗುತ್ತವೆ. ಕೀಟಗಳನ್ನೇ ನಂಬಿದ ಹಕ್ಕಿಗೆ ಚಳಿಗಿಂತ ಹಸಿವಿನ ಭಯವೇ ದೊಡ್ಡದು. ಯುರೋಪಿನಲ್ಲಿ ಗೂಡು ಕಟ್ಟಿ ದೂರದೇಶಗಳಿಗೆ ವಲಸೆ ಹೋಗುವ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಆಫ್ರಿಕದ ಕಡೆಗೆ ಹಾರುತ್ತವೆ. ಈ ಹಕ್ಕಿ ಮಾತ್ರ ಆಗ್ನೇಯ ದಿಕ್ಕನ್ನು ಹಿಡಿದು ನಮ್ಮ ದೇಶಕ್ಕೆ ಬರುತ್ತದೆ. ಸೆಪ್ಟೆಂಬರಿನಿಂದ ಭಾರತವನ್ನು ಸೇರತೊಡಗಿ, ಮಾರ್ಚಿ-ಏಪ್ರಿಲ್ ತಿಂಗಳುಗಳಲ್ಲಿ ಮರಳಿ ಹೊರಡುತ್ತದೆ.

ಇಂತಹ ಸಣ್ಣ ಹಕ್ಕಿಗಳು ಬಹುಮಟ್ಟಿಗೆ ರಾತ್ರಿಯ ಹೊತ್ತು ಪ್ರಯಾಣ ಮಾಡುತ್ತವೆ. ಹಗಲಿನಲ್ಲಿ ಇಳಿದು ತಿಂದು ದಣಿವಾರಿಸಿಕೊಳ್ಳುತ್ತವೆ. ಹೊರಡುವ ಮುನ್ನ ಮೈಯಲ್ಲಿ ಕೊಬ್ಬನ್ನು ಶೇಖರಿಸಿಕೊಳ್ಳುತ್ತವೆ. ಅದೇ ಅವುಗಳ ಇಂಧನ. ಇವುಗಳಿಗೆ ದಿಕ್ಕು ತಿಳಿಯುವ ಬಗೆಯನ್ನು ವಿಜ್ಞಾನಿಗಳು ಪ್ರಯೋಗಗಳಿಂದ ಅರಿತಿದ್ದಾರೆ. ಅಮೆರಿಕದ ಎಮ್ಲೆನ್ 1960ರ ದಶಕದಲ್ಲಿ ವಲಸೆಯ ಹಕ್ಕಿಗಳನ್ನು ತಾರಾಲಯದ ಕೃತಕ ಆಕಾಶದ ಕೆಳಗಿರಿಸಿ, ಅವು ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುವುದನ್ನು ತೋರಿಸಿಕೊಟ್ಟರು. ಅದೇ ದಶಕದಲ್ಲಿ ಜರ್ಮನಿಯ ವಿಲ್ಟ್‌ಶ್ಕೊ ಯುರೋಪಿನ ರಾಬಿನ್ ಹಕ್ಕಿಗಳ ಸುತ್ತ ಕೃತಕ ಅಯಸ್ಕಾಂತ ಕ್ಷೇತ್ರವನ್ನು ನಿರ್ಮಿಸಿ ಅದರ ದಿಕ್ಕನ್ನು ತಿರುಗಿಸಿದಾಗ, ಹಕ್ಕಿಗಳೂ ತಮ್ಮ ದಿಕ್ಕನ್ನು ತಿರುಗಿಸಿದುವು. ನಮ್ಮ ನೊಣಹಿಡುಕದ ಕುಟುಂಬಕ್ಕೇ ಸೇರಿದ ಈ ರಾಬಿನ್‌ಗೆ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅರಿಯುವ ಇಂದ್ರಿಯವಿದೆಯೆಂದು ಇದರಿಂದ ಸಿದ್ಧವಾಯಿತು.

ಎಂದೂ ನೋಡದ ದೇಶಕ್ಕೆ ಎಳೆಯ ಹಕ್ಕಿ ಹೇಗೆ ಬರುವುದು? ಹಾಲೆಂಡಿನ ಪೆರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಬೆಳಕು ಬೀರುತ್ತದೆ. ವಲಸೆಯ ಹಾದಿಯಲ್ಲಿದ್ದ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳನ್ನು ಹಾಲೆಂಡಿನಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಸ್ವಿಟ್ಸರ್‌ಲೆಂಡಿಗೆ ಒಯ್ದು ಬಿಟ್ಟರು. ಹಿಂದೆ ಪ್ರಯಾಣ ಮಾಡಿದ್ದ ಹಕ್ಕಿಗಳು ದಾರಿಯನ್ನು ತಿದ್ದಿಕೊಂಡು ತಮ್ಮ ಎಂದಿನ ಚಳಿಗಾಲದ ನೆಲೆಯ ಕಡೆಗೆ ಹೊರಟುವು. ಎಳೆಯ ಹಕ್ಕಿಗಳಾದರೋ ಮೊದಲಿನ ದಿಕ್ಕಿಗೇ ಹಾರಿ ಫ್ರಾನ್ಸಿನ ದಕ್ಷಿಣ ಭಾಗಕ್ಕೂ ಸ್ಪೇಯ್ನ್ ದೇಶಕ್ಕೂ ಹೋಗಿ ಸೇರಿದುವು. ಎಳೆಯದಕ್ಕೆ ಹುಟ್ಟಿನಿಂದ ದೊರೆತಿರುವುದು ದಿಕ್ಕು. ಊರನ್ನು ಅರಿಯುವುದು ಅನುಭವದಿಂದ.

ಎಲ್ಲಿ, ಎಂದು ನೋಡಬೇಕು?

ಈ ಹಕ್ಕಿಯನ್ನು ಹುಡುಕಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಬೆಳಿಗ್ಗೆ ಬಿಸಿಲು ಏರುವ ಮುನ್ನವೂ ಸಂಜೆ ನೆರಳು ಉದ್ದವಾಗುವಾಗಲೂ ಅದು ಚುರುಕಾಗಿದ್ದು ಹೆಚ್ಚು ಕೂಗುತ್ತದೆ. ಕತ್ತಲೆ ಕವಿಯುವ ಹೊತ್ತಿನಲ್ಲಿ ಇತರ ಹಕ್ಕಿಗಳು ಮೌನವಾದ ಮೇಲೂ ಅದರ ಸದ್ದು ಕೇಳಿಬರುವುದುಂಟು.

ಸ್ಥಳದ ಮಾತಿಗೆ ಬಂದರೆ, ಜಲಪಾತದ ಎದುರಿನಲ್ಲಿಯೇ ನಿಂತು ಹುಡುಕುವುದು ವ್ಯರ್ಥ. ನೀರಿನ ಸದ್ದು ಹಕ್ಕಿಯ ಮೆಲುದನಿಯನ್ನು ನುಂಗಿಬಿಡುತ್ತದೆ. ಸದ್ದು ಹಿಂದೆ ಉಳಿಯುವಷ್ಟು ದೂರ ನಡೆದು, ನೆರಳುಳ್ಳ ದೊಡ್ಡ ಮರಗಳಿರುವ ಎಡೆಯನ್ನು ಆರಿಸಿಕೊಳ್ಳಬೇಕು. ಮಾವು, ಹುಣಿಸೆ, ಆಲ, ಬೇವಿನ ಮರಗಳ ತೋಪು, ಗುಡಿಯ ಹಿಂದಿನ ಮರಗಳ ಗುಂಪು, ಹಳ್ಳದ ಇಕ್ಕೆಲದ ಕಾಡು ಇವೆಲ್ಲ ಅದಕ್ಕೆ ಪ್ರಿಯವಾದುವು. ಗೋಕಾಕ ಪಟ್ಟಣದ ಸಮೀಪದ ಯೋಗಿಕೊಳ್ಳದ ಹೆಸರೇ ಅಲ್ಲಿಯ ನೆಲ ಎಂತಹುದೆಂದು ಹೇಳುತ್ತದೆ. ಬಂಡೆಗಳ ನಡುವಿನ ಅಂತಹ ಕೊಳ್ಳಗಳಲ್ಲಿ ಸುತ್ತಲಿನ ಒಣ ಗುಡ್ಡಗಳಿಗಿಂತ ನೆರಳೂ ತೇವವೂ ಹೆಚ್ಚು, ಅದರಿಂದ ಕೀಟಗಳೂ ಹೆಚ್ಚು. ಮಾರ್ಕಂಡೇಯ ನದಿಯ ಮೇಲಿನ ಗೊಡಚಿನಮಲ್ಕಿಯ ಕಡೆಯ ಕಾಡೂ ನೋಡತಕ್ಕುದು. ಘಟಪ್ರಭೆಗೆ ಒಡ್ಡು ಕಟ್ಟಿರುವ ಧೂಪದಾಳದ ಹಿನ್ನೀರಿನ ಪ್ರದೇಶವು 1974ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಜನರು ಅಲ್ಲಿಗೆ ನೀರಿನ ದೊಡ್ಡ ಹಕ್ಕಿಗಳನ್ನು ನೋಡಲು ಹೋಗುತ್ತಾರೆ. ದಂಡೆಯ ಮರದೊಳಗಿನ ಸಣ್ಣ ಹಕ್ಕಿಯ ಕಡೆಗೆ ಅವರ ಗಮನ ಹರಿಯುವುದು ವಿರಳ. ಮೂಡಲಗಿಯ ಕಡೆಯ ಕಬ್ಬಿನ ಬಯಲಿನಲ್ಲಿ ಇದನ್ನು ಅರಸಿ ಫಲವಿಲ್ಲ. ಅಲ್ಲಿಯೂ ಹುಕ್ಕೇರಿಯ ಹಳ್ಳಿಗಳಲ್ಲಿಯೂ ತೋಟದ ಮನೆಯ ಹಿಂದೆ ಹಳೆಯ ಮಾವು, ಹುಣಿಸೆಗಳಿದ್ದರೆ ಅಲ್ಲಿ ನಿಂತು ನೋಡಬೇಕು.

ಮರದ ಕೆಳಗೆ ಬಂದ ಮೇಲೆ ಓಡಾಡದೆ ಹದಿನೈದು ನಿಮಿಷ ಸುಮ್ಮನೆ ನಿಲ್ಲಿರಿ. ಮೊದಲು ಕಿವಿಗೆ ಕೆಲಸ ಕೊಡಿರಿ. ಒಣ ಸದ್ದು ಬಂದ ಕಡೆಗೆ ತಿರುಗಿ, ಎಲೆಗಳಲ್ಲಿ ಚಲನೆಯನ್ನು ಬರಿಗಣ್ಣಿನಿಂದ ಹುಡುಕಿ, ಆಮೇಲೆ ದುರ್ಬೀನನ್ನು ಎತ್ತಿರಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನು ಸಾಕು. ಚಳಿಗಾಲದಲ್ಲಿ ಈ ಹಕ್ಕಿ ಸಾಮಾನ್ಯವಾಗಿ ಒಂಟಿ; ತನಗೆ ಒಗ್ಗಿದ ತಾಣದಲ್ಲಿ ಸುಳಿದಾಡುತ್ತಿರುವುದರಿಂದ ಇಂದು ಚೆನ್ನಾಗಿ ಕಾಣದಿದ್ದರೆ ನಾಳೆ ಮತ್ತೆ ಅಲ್ಲಿಗೇ ಹೋಗಬಹುದು. ಧ್ವನಿಮುದ್ರಿಕೆಯನ್ನು ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವ ರೂಢಿ ಒಳ್ಳೆಯದಲ್ಲ. ವೈರಿ ಬಂದನೆಂದು ಅದು ತನ್ನ ಊಟವನ್ನು ಬಿಟ್ಟು ಹೋರಾಟಕ್ಕೆ ನಿಲ್ಲುವುದು. ಜಲಪಾತದ ಅಂಚಿನ ಬಂಡೆಗಳು ಜಾರುವುದರಿಂದ, ಹಕ್ಕಿಯ ಹಿಂದೆ ಕಣ್ಣಿಟ್ಟು ಆ ಕಡೆಗೆ ನಡೆಯಲಾಗದು.

ಏನನ್ನು ಬರೆದಿಡಬೇಕು?

ಹಕ್ಕಿ ಕಂಡ ಕೂಡಲೆ, ಪುಸ್ತಕವನ್ನು ತೆರೆಯುವ ಮುನ್ನ, ಈ ಸಂಗತಿಗಳನ್ನು ಬರೆದುಕೊಳ್ಳಬೇಕು:

1. ದಿನಾಂಕ, ವೇಳೆ, ಸ್ಥಳ. ಯಾವ ಮರ, ನೆಲದಿಂದ ಎಷ್ಟು ಎತ್ತರ.
2. ಬಾಲದಲ್ಲಿ ಬಿಳಿ ಕಂಡಿತೆ? ಬಾಲವನ್ನು ಹೇಗೆ ಆಡಿಸಿತು?
3. ಬಾಲದ ಬುಡದ ಮೇಲಿನ ಗರಿಗಳು ಬಾಲಕ್ಕಿಂತ ಕಪ್ಪೆ?
4. ಕೆಳಕೊಕ್ಕಿನ ಬುಡದ ಬಣ್ಣ.
5. ಗಂಟಲು ಮತ್ತು ಎದೆಯ ಬಣ್ಣ.
6. ಧ್ವನಿಯನ್ನು ಕೇಳಿದಂತೆ ಅಕ್ಷರದಲ್ಲಿ.
7. ಎಷ್ಟು ಹೊತ್ತು, ಎಂತಹ ಬೆಳಕಿನಲ್ಲಿ ನೋಡಿದುದು.

ಕಾಣದಿದ್ದುದರ ಎದುರಿಗೆ "ಕಾಣಲಿಲ್ಲ" ಎಂದೇ ಬರೆಯಿರಿ. ಅದನ್ನು ಊಹೆಯಿಂದ ತುಂಬುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. "ಎರಡರಲ್ಲಿ ಯಾವುದೆಂದು ತಿಳಿಯಲಿಲ್ಲ" ಎಂಬ ಸಾಲೂ ಗೌರವಾರ್ಹವಾದ ದಾಖಲೆಯೇ.

ಒಂದು ಸಣ್ಣ ಹಕ್ಕಿ ಬಂದ ದಿನವನ್ನು ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳುವವರುಂಟು. ನಮ್ಮ ಅತಿಥಿಯ ಹತ್ತಿರದ ಬಂಧುವಾದ ಕಪ್ಪುಬಿಳಿ ನೊಣಹಿಡುಕದ ಕಥೆಯೇ ಅದಕ್ಕೆ ಉತ್ತರ. ಅದು ಆಫ್ರಿಕದಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಹಾಲೆಂಡಿಗೆ ಮರಳುತ್ತದೆ. ಭೂಮಿಯ ತಾಪ ಏರಿದಂತೆ ಹಾಲೆಂಡಿನ ವಸಂತವು ಮುಂಚಿತವಾಗಿ ಬರತೊಡಗಿತು. ಮರಿಗಳಿಗೆ ಉಣಿಸುವ ಕಂಬಳಿಹುಳುಗಳ ಸುಗ್ಗಿಯೂ ಮುಂದಾಯಿತು. ಹಕ್ಕಿ ಬರುವ ದಿನವಾದರೋ ಅದೇ ಪ್ರಮಾಣದಲ್ಲಿ ಮುಂದಾಗಲಿಲ್ಲ. ದೂರದ ಆಫ್ರಿಕದಲ್ಲಿರುವ ಅದಕ್ಕೆ ಹಾಲೆಂಡಿನ ಹವೆಯ ಸುದ್ದಿ ತಿಳಿಯುವುದೆಂತು? ಬೋತ್ ಮತ್ತು ವಿಸ್ಸರ್ ಎಂಬ ವಿಜ್ಞಾನಿಗಳು ಇದನ್ನು 2001ರಲ್ಲಿ ಪ್ರಕಟಿಸಿದರು. ಕಂಬಳಿಹುಳುಗಳ ಸುಗ್ಗಿ ಅತ್ಯಂತ ಮುಂಚಿತವಾಗಿ ಬರುವ ಕಾಡುಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಎರಡು ದಶಕಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತರಷ್ಟು ಇಳಿದುದನ್ನು ಬೋತ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಅನೇಕ ವರುಷಗಳ ಕಾಲ ತಾಳ್ಮೆಯಿಂದ ದಿನಾಂಕಗಳನ್ನು ಬರೆದಿಟ್ಟಿದ್ದುದರಿಂದಲೇ ಈ ಸತ್ಯ ಹೊರಬಿದ್ದಿತು.

ನಮ್ಮ ದೇಶದಲ್ಲಿಯೂ ಇಂತಹ ಕೆಲಸ ಆರಂಭವಾಗಿದೆ. ವಲಸೆಯ ಹಕ್ಕಿಗಳು ಮೊದಲು ಕಂಡ ದಿನ, ಕೊನೆಯದಾಗಿ ಕಂಡ ದಿನಗಳನ್ನು ಜನಸಾಮಾನ್ಯರಿಂದ ಸಂಗ್ರಹಿಸುವ ಮೈಗ್ರಂಟ್‌ವಾಚ್ ಎಂಬ ಯೋಜನೆಯು 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಮೊದಲಾಯಿತು. ಇಂದು ಅಂತಹ ಟಿಪ್ಪಣಿಗಳನ್ನು ಈ-ಬರ್ಡ್ ಎಂಬ ಜಾಗತಿಕ ಸಂಗ್ರಹಕ್ಕೆ ಯಾರು ಬೇಕಾದರೂ ಸೇರಿಸಬಹುದು. ದೊಡ್ಡ ನಗರಗಳ ಸುತ್ತ ನೋಡುವವರು ಬಹಳ. ಚಿಕ್ಕ ಊರುಗಳಲ್ಲಿ ಕಡಿಮೆ. ತನ್ನ ಊರಿನ ಒಂದೇ ಮಾವಿನ ತೋಪನ್ನು ಅಕ್ಟೋಬರಿನಿಂದ ಏಪ್ರಿಲಿನವರೆಗೆ ವಾರಕ್ಕೊಮ್ಮೆ ತಪ್ಪದೆ ನೋಡಿ, ಕಂಡ ದಿನ ಕಂಡುದನ್ನೂ ಕಾಣದ ದಿನ ಕಾಣದುದನ್ನೂ ಬರೆಯುವ ವಿದ್ಯಾರ್ಥಿಯು ಹಾಲೆಂಡಿನ ಆ ವಿಜ್ಞಾನಿಗಳು ಮಾಡಿದಂತಹ ಕೆಲಸವನ್ನೇ ಮಾಡುತ್ತಿರುತ್ತಾನೆ. ಮುಂದೊಂದು ದಿನ ಆ ತೋಪು ಕಡಿದುಹೋದರೆ, ಅದರೊಡನೆ ಏನು ಹೋಯಿತೆಂದು ಸಾಕ್ಷಿ ಹೇಳಲು ಅವನ ಪುಸ್ತಕವೊಂದೇ ಉಳಿದಿರಬಹುದು.

ಈ ಚಳಿಗಾಲದ ಒಂದು ಮುಂಜಾನೆ, ಜಲಪಾತಕ್ಕೆ ಬೆನ್ನು ತಿರುಗಿಸಿ, ಹತ್ತಿರದ ಹುಣಿಸೆಯ ಮರದ ಕೆಳಗೆ ಹೋಗಿ ನಿಲ್ಲಿರಿ. ಕೆಂಪನ್ನು ಹುಡುಕಬೇಡಿರಿ. ಕಂದು ಬಣ್ಣದ ಹಕ್ಕಿಯೊಂದು ಬಾಲವನ್ನೆತ್ತಿ "ಟ್ರ್‌ರ್‌ರ್" ಎಂದರೆ, ಗಡಿಯಾರವನ್ನು ನೋಡಿ ಬರೆಯಲು ತೊಡಗಿರಿ.